ಬೋರ್ಡಿಲ್ಲದ ಬಾಗಿಲು

ತೆರೆಯ ಮೇಲೆ ಕುಡುಕ ತೂರಾಡುತ್ತ ಬಂದನೆಂದರೆ ಗಾಂಧಿ ಕ್ಲಾಸಿನಿಂದ ಶಿಳ್ಳೆ ಗ್ಯಾರಂಟಿ! ಹಾಸ್ಯನಟನಾದರೆ ನಗುತ್ತೇವೆ, ನಾಯಕನಾದರೆ ಕರ್ಚೀಫು ತೆಗೆಯುತ್ತೇವೆ. 1955ರ ಹಿಂದಿ 'ದೇವದಾಸ್'ನಲ್ಲಿ ದಿಲೀಪ್ ಕುಮಾರ್ ಕುಡಿದು ಕುಡಿದು ಸತ್ತಾಗ ಅತ್ತವರೆಷ್ಟು ಮಂದಿ! ಆದರೆ ಓದುಗರೇ, ಅದೇ ಪಾತ್ರ ನಿಮ್ಮ ಮನೆಯ ಹೊಸ್ತಿಲು ದಾಟಿ ಒಳಗೆ ಬಂದರೆ? ಅಲ್ಲಿ ಹಿನ್ನೆಲೆ ಸಂಗೀತವಿಲ್ಲ, ಇಂಟರ್‌ವಲ್ಲೂ ಇಲ್ಲ.

ನಮ್ಮ ಮನೆಗೆ ಅದು ಬಂದದ್ದು ಅಕ್ಕನ ಗಂಡನ ರೂಪದಲ್ಲಿ. ಭಾವನದು ವೈರಿಂಗ್ ಕೆಲಸ. ಕೈ ನಡುಗುವವನನ್ನು ಕರೆಂಟಿನ ಹತ್ತಿರ ಯಾರು ಬಿಡುತ್ತಾರೆ? ಕೆಲಸ ಹೋಯಿತು. ಅಕ್ಕನ ಹೊಲಿಗೆ ಮೆಷಿನ್ನು ಅಡವಿಗೆ ಹೋಯಿತು. ದೇವರ ಮುಂದೆ ಆಣೆ ಹಾಕಿದ್ದೂ ಆಯಿತು. ಆಣೆ ಒಂದು ವಾರ ಬಾಳಿತು, ಅಷ್ಟೇ.

ಕೊನೆಗೆ ಡಾಕ್ಟರ ಹತ್ತಿರ ಕರೆದೊಯ್ದೆವು. ಅವರು ಮೊದಲು ಹೇಳಿದ ಮಾತು: "ನೀವಾಗೇ ಏಕಾಏಕಿ ನಿಲ್ಲಿಸೋಕೆ ಹೋಗ್ಬೇಡಿ. ಇಷ್ಟು ವರ್ಷ ಕುಡಿದ ದೇಹ, ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ." ಆಸ್ಪತ್ರೆಯಲ್ಲಿಟ್ಟುಕೊಂಡು ಔಷಧಿ ಕೊಟ್ಟು ಬಿಡಿಸಿದರು. ಮನೆಗೆ ಕಳಿಸುವ ದಿನ ಒಂದು ಚೀಟಿ ಕೈಗಿಟ್ಟರು. "ಇಲ್ಲಿವರೆಗೆ ಔಷಧಿ ಸಾಕಾಯ್ತು. ಇನ್ಮೇಲೆ ಜನ ಬೇಕು. ಎ.ಎ. ಮೀಟಿಂಗಿಗೆ ಹೋಗಿ."

ಎ.ಎ. ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್. ಹೆಸರಿನಲ್ಲೇ 'ಅನಾಮಿಕ' ಇದೆಯಲ್ಲ, ಅಡ್ರೆಸ್ಸೂ ಹಾಗೇ! ಮೆಜೆಸ್ಟಿಕ್‌ನಿಂದ ಬಸ್ಸು ಹತ್ತಿ ಹೋದೆವು. ಆ ಬೀದಿಯಲ್ಲಿ ಎರಡು ಸಲ ತಿರುಗಿದರೂ ಬೋರ್ಡು ಕಾಣಲಿಲ್ಲ. ಬಾರಿನ ಬೋರ್ಡು ಮಾತ್ರ ಕೆಂಪು ಹಸಿರು ದೀಪದಲ್ಲಿ ಮಿಣ ಮಿಣ! ಟೀ ಅಂಗಡಿಯವನನ್ನು ಕೇಳೋಣವೆಂದರೆ ಏನಂತ ಕೇಳುವುದು? ಭಾವ ಬೆವರುತ್ತಿದ್ದರು. "ಬೇಡ ಕಣಯ್ಯಾ, ವಾಪಸ್ ಹೋಗೋಣ" ಅಂದರು. ವಾಪಸ್ ಹೋಗುವುದೆಂದರೆ ಆ ಬಾರಿನ ಮುಂದೆಯೇ ಹಾದು ಹೋಗಬೇಕು!

ಚೀಟಿಯಲ್ಲಿದ್ದ ನಂಬರಿಗೆ ಫೋನ್ ಮಾಡಿದೆ. "ಬಸ್ ಸ್ಟಾಪಿನಲ್ಲೇ ನಿಂತಿರಿ, ಬಂದೆ" ಎಂದಿತು ಒಂದು ದನಿ. ಹತ್ತು ನಿಮಿಷದಲ್ಲಿ ಇಸ್ತ್ರಿ ಷರಟಿನ, ನರೆಗೂದಲಿನ ಒಬ್ಬರು ಬಂದರು. ಭಾವ ತಲೆ ತಗ್ಗಿಸಿ, "ನಿಮಗೆ ತೊಂದರೆ ಕೊಟ್ವಿ ಸಾರ್" ಎಂದರು.

"ತೊಂದರೆ ಎಲ್ಲಿ ಬಂತು? ನೀವು ಬಂದದ್ದು ನನಗೇ ಉಪಕಾರ. ನಾನೂ ಕುಡುಕನೇ. ನಿಮ್ಮ ಜೊತೆ ಇರೋವರೆಗೂ ನಾನು ಕುಡಿಯಲ್ವಲ್ಲ!"

ಮರ್ಯಾದೆಗೆ ಆಡಿದ ಮಾತು ಅಂದುಕೊಂಡೆ. ಅಲ್ಲ, ಆ ಸಂಸ್ಥೆಯ ಬುಡವೇ ಆ ಮಾತು ಎಂದು ಆಮೇಲೆ ಓದಿ ತಿಳಿಯಿತು. 1935ರ ಮೇ ತಿಂಗಳು. ಅಮೆರಿಕದ ಅಕ್ರಾನ್ ಊರು. ನ್ಯೂಯಾರ್ಕಿನ ಷೇರು ವ್ಯವಹಾರದ ಬಿಲ್ ಎಂಬಾತ ಕುಡಿತ ಬಿಟ್ಟು ಐದು ತಿಂಗಳಾಗಿತ್ತು. ಬಂದ ವ್ಯವಹಾರ ಮುರಿದುಬಿತ್ತು. ಹೋಟೆಲಿನ ಹಜಾರದಲ್ಲಿ ಒಂಟಿ. ಒಂದು ಕಡೆ ಬಾರಿನ ನಗು, ಇನ್ನೊಂದು ಕಡೆ ಟೆಲಿಫೋನು. ಆತ ಫೋನಿನ ಕಡೆ ನಡೆದ. ಊರಿನ ಚರ್ಚಿನವರಿಗೆ ಫೋನ್ ಮಾಡಿ ಕೇಳಿದ್ದೇನು ಗೊತ್ತೇ? ತನ್ನ ಹಾಗೆಯೇ ಇರುವ ಇನ್ನೊಬ್ಬ ಕುಡುಕ ಬೇಕು ಎಂದು! ಸಿಕ್ಕವರು ಡಾಕ್ಟರ್ ಬಾಬ್ ಎಂಬ ಸರ್ಜನ್. ಹದಿನೈದು ನಿಮಿಷ ಅಂತ ಕೂತವರು ಗಂಟೆಗಟ್ಟಲೆ ಮಾತಾಡಿದರು. ಡಾಕ್ಟರ್ ಬಾಬ್ ಕೊನೆಯ ಸಲ ಕುಡಿದ ದಿನವಾದ 1935ರ ಜೂನ್ 10 ಎ.ಎ.ಯ ಹುಟ್ಟುಹಬ್ಬವಾಯಿತು. ಬಿಲ್ ಹೋದದ್ದು ಡಾಕ್ಟರನ್ನು ಉದ್ಧಾರ ಮಾಡುವುದಕ್ಕಲ್ಲ, ತಾನು ಉಳಿಯುವುದಕ್ಕೆ!

ಆ ಸಂಜೆ ನಮ್ಮದು 'ಓಪನ್ ಮೀಟಿಂಗು', ಹಾಗಾಗಿ ನನಗೂ ಜಾಗ ಸಿಕ್ಕಿತು. 'ಕ್ಲೋಸ್ಡ್' ಆದರೆ ಕುಡಿತ ಬಿಡಬೇಕೆನ್ನುವವರಿಗೆ ಮಾತ್ರ. ಪ್ಲಾಸ್ಟಿಕ್ ಕುರ್ಚಿಗಳು, ಟೀ, ಬಿಸ್ಕತ್ತು. 1962ರ ಹಾಲಿವುಡ್ ಚಿತ್ರ 'ಡೇಸ್ ಆಫ್ ವೈನ್ ಅಂಡ್ ರೋಸಸ್'ನಲ್ಲಿ ಜಾಕ್ ಲೆಮನ್ ಇಂಥದೇ ಮೀಟಿಂಗಿನಲ್ಲಿ ಎದ್ದು ನಿಂತು ಮಾತಾಡುತ್ತಾನೆ, ನೋಡಿದವರಿಗೆ ನೆನಪಿರಬಹುದು. ಇಲ್ಲಿ ಒಬ್ಬೊಬ್ಬರು ಏನು ಹೇಳಿದರು ಎಂದು ಬರೆಯುವುದಿಲ್ಲ. ಅಲ್ಲಿ ಕೇಳಿದ್ದು ಅಲ್ಲೇ ಉಳಿಯಬೇಕು, ಅದು ನಿಯಮ. ಖರ್ಚಿಗೆಂದು ಡಬ್ಬಿ ಬಂದಾಗ ನಾನೂ ಜೇಬಿಗೆ ಕೈ ಹಾಕಿದೆ. "ನೀವು ಬೇಡಿ ಸಾರ್, ನಮ್ಮ ಖರ್ಚು ನಾವೇ ನೋಡ್ಕೋತೀವಿ" ಎಂದರು. ಫೀಜು ಇಲ್ಲ, ಜಾತಿ ಕೇಳುವುದಿಲ್ಲ. ಕುಡಿತ ಬಿಡಬೇಕೆಂಬ ಆಸೆ ಇದ್ದರೆ ಸಾಕು.

ಹಾಗಂತ 'ಶುಭಂ' ಬಿತ್ತು ಅಂದುಕೊಳ್ಳಬೇಡಿ. ಮೂರನೇ ತಿಂಗಳು ಭಾವ ಮತ್ತೆ ಕುಡಿದರು. ಅಕ್ಕ ಅನ್ನ ಬಿಟ್ಟಳು. ಮೀಟಿಂಗಿನವರು ಬೈಯಲಿಲ್ಲ, ಕುರ್ಚಿ ಎಳೆದು "ಕೂತ್ಕೊಳ್ಳಿ" ಎಂದರು. 'ಇವತ್ತೊಂದಿನ ಕುಡಿಯಲ್ಲ' ಎಂದು ಮತ್ತೆ ಒಂದನೇ ದಿನದಿಂದ ಎಣಿಕೆ! ಆಣೆ ಜೀವಮಾನಕ್ಕೆ ಹಾಕಿದ್ದು, ಮುರಿಯಿತು. ಇದು ಒಂದೇ ದಿನದ್ದು, ಹೇಗೋ ದಾಟುತ್ತಿದೆ. ಅಕ್ಕನಿಗೂ ಒಂದು ಕೂಟವಿದೆ: ಕುಡುಕರ ಮನೆಯವರಿಗಾಗಿ 1951ರಲ್ಲಿ ಶುರುವಾದ ಅಲ್-ಅನಾನ್.

ಮೊನ್ನೆ ಭಾನುವಾರ ಜ್ವರವಿದ್ದರೂ ಭಾವ ಹೊರಟರು. ಅಕ್ಕ ತಡೆದಳು. "ಹೊಸಬ ಒಬ್ಬ ಬರ್ತಾನೆ ಕಣೇ. ಬಸ್ ಸ್ಟಾಪಿನಲ್ಲಿ ನಾನಿಲ್ಲದಿದ್ರೆ ಅವನಿಗೆ ಬಾಗಿಲು ಸಿಗಲ್ಲ" ಎಂದು ಚಪ್ಪಲಿ ಮೆಟ್ಟಿದರು.

ಅವರ ಒಪ್ಪಿಗೆ ಪಡೆದೇ ಇದನ್ನು ಬರೆದಿದ್ದೇನೆ. ಹೆಸರು ಮಾತ್ರ ಕೇಳಬೇಡಿ! ನಿಮ್ಮ ಮನೆಯಲ್ಲೂ ಇಂಥವರೊಬ್ಬರಿದ್ದರೆ ಮೊದಲು ಡಾಕ್ಟರನ್ನು ಕೇಳಿ. ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ 14446, ಅದಕ್ಕೆ ದುಡ್ಡಿಲ್ಲ. ಬೀದಿಯಲ್ಲಿ ಬೋರ್ಡು ಕಾಣಲಿಲ್ಲವೆಂದು ಹಿಂದಿರುಗಬೇಡಿ. ಒಂದು ಫೋನ್ ಮಾಡಿ. ಆ ಕಡೆ ನಿಮ್ಮ ಕರೆಗಾಗಿ ಕಾಯುತ್ತಿರುವವನಿಗೂ ಆ ಕರೆ ಅಷ್ಟೇ ಬೇಕಾಗಿರುತ್ತದೆ.