ನಾಗಪ್ಪನಿಗೆ ಮದ್ದು

ವಾರ್ಷಿಕ ಸಂಚಿಕೆಗೆ ಏನಾದರೊಂದು ಬರೆದುಕೊಡಬೇಕೆಂದು ಕನ್ನಡ ಅಧ್ಯಾಪಕರು ತರಗತಿಯಲ್ಲಿ ಅಪ್ಪಣೆ ಮಾಡಿದಾಗ ನನ್ನ ಗೆಳೆಯರಲ್ಲಿ ಒಬ್ಬನು ಪ್ರವಾಸದ ಮೇಲೆ, ಇನ್ನೊಬ್ಬನು ಸ್ನೇಹದ ಮೇಲೆ, ಮತ್ತೊಬ್ಬಳು ಮಳೆಗಾಲದ ಮೇಲೆ ಬರೆಯುವುದಾಗಿ ಹೆಸರು ಕೊಟ್ಟರು. ನಾನು ಪ್ರವಾಸ ಹೋದವನಲ್ಲ. ಸ್ನೇಹದ ಮೇಲೆ ಬರೆಯಲು ಸಂಕೋಚ. ಚೆನ್ನಾಗಿ ಗೊತ್ತಿರುವ ಸಂಗತಿ ನನಗೆ ಒಂದೇ ಒಂದು. ಅದನ್ನು ಈ ಕಾಲೇಜಿನಲ್ಲಿ ಮೂರು ವರ್ಷ ಯಾರಿಗೂ ಹೇಳದೆ ಮುಚ್ಚಿಟ್ಟುಕೊಂಡಿದ್ದೇನೆ. ಅದು ಹಾವಿನ ಹೊಟ್ಟೆಯ ಮೇಲೆ ಆಗುವ ಹುಣ್ಣಿನ ಸಂಗತಿ.

ನಗುವವರು ನಗಲಿ. ನಮ್ಮ ತಾತ ಹಾವಾಡಿಗ. ನಮ್ಮ ಮನೆಯಿಂದ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಅಪ್ಪ ನಾಲ್ಕನೆಯ ತರಗತಿಗೇ ಶಾಲೆ ಬಿಟ್ಟು ಗಾರೆ ಕೆಲಸಕ್ಕೆ ಹೋದವನು. ತಾತನಿಗಂತೂ ಅಕ್ಷರದ ಗಂಧವೇ ಇಲ್ಲ. ಅವನ ಆಸ್ತಿಯೆಂದರೆ ಒಂದು ಪುಂಗಿ, ಸಗಣಿ ಬಳಿದ ಒಂದು ಬಿದಿರಿನ ಬುಟ್ಟಿ, ಅದರೊಳಗೆ ಸುಮಾರು ನಾಲ್ಕು ಅಡಿಯ ಒಂದು ನಾಗರಹಾವು. ಅದನ್ನು ನಾವು ಯಾರೂ ಹಾವು ಎನ್ನುತ್ತಿರಲಿಲ್ಲ, ನಾಗಪ್ಪ ಎನ್ನುತ್ತಿದ್ದೆವು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದು ಅಷ್ಟು ಹೊತ್ತಿಗೆ 44 ವರ್ಷವಾಗಿತ್ತು. ಆ ಕಾಯಿದೆಯ ಸುದ್ದಿ ತಾತನಿಗೆ ತಿಳಿಯದೆ ಇರಲಿಲ್ಲ. ಆದ್ದರಿಂದಲೇ ದೊಡ್ಡ ಬೀದಿಗಳನ್ನು ಬಿಟ್ಟು ಸಂದಿಗೊಂದಿಗಳಲ್ಲಿ ಆಡಿಸುತ್ತಿದ್ದ.

ನಾನು ಹೇಳಹೊರಟದ್ದು 2016ನೆಯ ಇಸವಿಯ ಶ್ರಾವಣದ ಮಾತು. ನಾನಾಗ ಏಳನೆಯ ತರಗತಿ. ನಾಗರಪಂಚಮಿಯೆಂದರೆ ನಮ್ಮ ಮನೆಗೆ ಸುಗ್ಗಿ. ವರ್ಷದ ಸಂಪಾದನೆಯಲ್ಲಿ ಒಂದು ದೊಡ್ಡ ಪಾಲು ಆ ಒಂದು ವಾರದಲ್ಲಿ ಬರಬೇಕು. ಮನೆಮನೆಯ ಹೆಂಗಸರು ಬುಟ್ಟಿಯ ಮುಂದೆ ಕುಳಿತು ಹಾಲೆರೆಯುತ್ತಿದ್ದರು, ಅರಿಸಿನ ಕುಂಕುಮ ಹಾಕುತ್ತಿದ್ದರು. ಹಾವು ಹಾಲು ಕುಡಿಯುವ ಪ್ರಾಣಿಯಲ್ಲ ಎಂಬುದನ್ನು ವಿಜ್ಞಾನದ ಮೇಷ್ಟ್ರು ಹೇಳಿಕೊಟ್ಟಿದ್ದರು. ನಮ್ಮ ನಾಗಪ್ಪ ಕುಡಿಯುತ್ತಿತ್ತು. ಏಕೆಂದರೆ ಹಬ್ಬಕ್ಕೆ ಎಷ್ಟೋ ದಿನ ಮುಂಚಿನಿಂದ ತಾತ ಅದಕ್ಕೆ ನೀರು ಇಡುತ್ತಿರಲಿಲ್ಲ. ಇದನ್ನು ಬರೆಯುವಾಗ ಕೈ ಹಿಂಜರಿಯುತ್ತದೆ. ಆದರೆ ಇಷ್ಟನ್ನು ಮರೆಮಾಚಿದರೆ ಮುಂದಿನದನ್ನು ಬರೆದು ಪ್ರಯೋಜನವಿಲ್ಲ. ಕುಡಿದದ್ದು ಒಂದು ಗುಟುಕಾದರೆ ಮೈಮೇಲೆ ಸುರಿದದ್ದು ಒಂದು ಪಾವು. ಆ ಹಾಲೆಲ್ಲ ಬುಟ್ಟಿಯ ತಳದ ಬಟ್ಟೆಯಲ್ಲಿ ಇಂಗಿ, ಹುಳಿತು ನಾರುತ್ತಿತ್ತು. ಹೊರಗೆ ಜಿಟಿಜಿಟಿ ಮಳೆ. ಒಣಗಿಸಲು ಬಿಸಿಲೇ ಇಲ್ಲ.

ಹಬ್ಬ ಕಳೆದು ಹತ್ತು ಹನ್ನೆರಡು ದಿನಕ್ಕೆ ನಾಗಪ್ಪ ಹೆಡೆ ಎತ್ತುವುದನ್ನು ಬಿಟ್ಟಿತು. ತಾತ ಅದನ್ನು ಅಂಗಾತ ಮಾಡಿ ನನಗೆ ತೋರಿಸಿದ. ಹಾವಿನ ಹೊಟ್ಟೆಯಡಿ ಅಗಲವಾದ ಹುರುಪೆಗಳು ಏಣಿಯ ಮೆಟ್ಟಿಲಿನಂತೆ ಒಂದರ ಹಿಂದೆ ಒಂದು ಇರುತ್ತವಷ್ಟೆ. ಅವುಗಳಲ್ಲಿ ಕೆಲವು ಕಂದುಬಣ್ಣಕ್ಕೆ ತಿರುಗಿದ್ದವು. ಕೆಲವುಗಳ ಅಂಚಿನಲ್ಲಿ ನೀರು ತುಂಬಿದ ಬೊಕ್ಕೆ. ಒಂದೆರಡು ಕಡೆ ಬೊಕ್ಕೆ ಒಡೆದು, ಹುರುಪೆ ಎದ್ದು, ಕೆಳಗಿನ ಕೆಂಪು ಕಾಣುತ್ತಿತ್ತು. ತಾತ ಬೇವಿನೆಣ್ಣೆಯಲ್ಲಿ ಅರಿಸಿನ ಕಲಸಿ ಹಚ್ಚಿದ. ಅವನಪ್ಪ ಅವನಿಗೆ ಹೇಳಿಕೊಟ್ಟ ಮದ್ದು ಅದು. ಹಚ್ಚಿ ಮತ್ತೆ ಅದೇ ಬುಟ್ಟಿಯಲ್ಲಿಟ್ಟು, ನಾಗಪ್ಪನಿಗೆ ತಂಪು ಬೇಕೆಂದು ಬುಟ್ಟಿಯನ್ನು ಹಂಡೆಯ ಹತ್ತಿರದ ತೇವದ ಮೂಲೆಯಲ್ಲಿಟ್ಟ. ನಾಲ್ಕು ದಿನಕ್ಕೆ ಹುಣ್ಣು ಎರಡರಷ್ಟಾಯಿತು.

ಪಶುವೈದ್ಯರ ಹತ್ತಿರ ಹೋಗೋಣವೆಂದು ಹೇಳಿದವನು ನಾನು. ಶಾಲೆಗೆ ಹೋಗುವ ದಾರಿಯಲ್ಲಿ ಆಸ್ಪತ್ರೆಯ ಮುಂದೆ ಕುರಿ ದನಗಳನ್ನು ದಿನವೂ ನೋಡುತ್ತಿದ್ದೆ.

“ಏನ್ ಓದೀಯ್ಲಾ ನೀನು? ನಾಗಪ್ಪಂಗೆ ಸೂಜಿ ಚುಚ್ಚಿಸ್ತೀಯಾ?” ಎಂದು ತಾತ ರೇಗಿದ. “ಹೋದ್ರೆ ನಂಗೆ ಬೇಡಿ ಹಾಕ್ತಾರೆ ಕಣ್ಲಾ.”

ಎರಡು ದಿನ ಹೀಗೆಯೇ ಕಳೆಯಿತು. ಮೂರನೆಯ ದಿನ ಬೆಳಿಗ್ಗೆ ತಾನೇ ಎದ್ದು ನಾಗಪ್ಪನನ್ನು ಬಟ್ಟೆಯ ಚೀಲಕ್ಕಿಳಿಸಿ, ಬಾಯಿ ಕಟ್ಟಿ, “ನಡಿ” ಎಂದ. ಬಸ್ಸಿನಲ್ಲಿ ಕಂಡಕ್ಟರು ಚೀಲ ಮಿಸುಕಿದ್ದನ್ನು ಕಂಡು ಏನೆಂದು ಕೇಳಿದರು. ತಾತ ಕಣ್ಣು ಮಿಟುಕಿಸದೆ “ಕೋಳಿ” ಎಂದ. ಕೋಳಿಗೆ ಅರ್ಧ ಟಿಕೆಟ್ಟು ಹರಿದುಕೊಟ್ಟರು. ಹಾವಿಗೆ ಟಿಕೆಟ್ಟು ತೆಗೆದುಕೊಂಡು ಪ್ರಯಾಣ ಮಾಡಿದವರು ನಮ್ಮನ್ನು ಬಿಟ್ಟು ಬೇರೆ ಯಾರಾದರೂ ಇದ್ದರೆ ತಿಳಿಯುವ ಆಸೆ ನನಗಿದೆ.

ಆಸ್ಪತ್ರೆಯಲ್ಲಿದ್ದವರು ವಯಸ್ಸಿನಲ್ಲಿ ಚಿಕ್ಕವರಾದ ಒಬ್ಬ ಡಾಕ್ಟರಮ್ಮ. ಚೀಲದಲ್ಲಿರುವುದು ಏನೆಂದು ತಿಳಿದಾಗ ಕುರ್ಚಿಯನ್ನು ಹಿಂದಕ್ಕೆ ಸರಿಸಿದರು. “ತಾತ, ಇದನ್ನ ಇಟ್ಕೊಂಡಿರೋದೇ ಅಪರಾಧ, ಗೊತ್ತಾ?” ಎಂದರು. ತಾತ ತಲೆ ತಗ್ಗಿಸಿ, “ಗೊತ್ತು ಕಣವ್ವ. ಮದ್ದು ಕೊಟ್ಬುಡು, ಆಮ್ಯಾಲೆ ಏನ್ ಬೇಕಾದ್ರೂ ಮಾಡು” ಎಂದ. ಆಕೆ ಬಹಳ ಹೊತ್ತು ಸುಮ್ಮನಿದ್ದರು. ಅನಂತರ ಮೃಗಾಲಯವೊಂದರಲ್ಲಿ ವೈದ್ಯರಾಗಿದ್ದ ತಮ್ಮ ಸಹಪಾಠಿಗೆ ದೂರವಾಣಿ ಮಾಡಿ, ಒಂದು ಹಾಳೆಯ ತುಂಬ ಗುರುತು ಹಾಕಿಕೊಂಡರು. ಕೊನೆಗೆ ಒಂದು ಕರಾರು ಹಾಕಿದರು: ಗುಣವಾದ ಮೇಲೆ ಹಾವನ್ನು ಅರಣ್ಯ ಇಲಾಖೆಗೆ ಒಪ್ಪಿಸಬೇಕು, ಅಲ್ಲಿಯವರೆಗೆ ಆಡಿಸಕೂಡದು. ತಾತ ನನ್ನ ಮುಖ ನೋಡಿದ. ಆ ನೋಟದ ಅರ್ಥ ನನಗೆ ಆಗ ಆಗಲಿಲ್ಲ. ಹೂಂ ಎಂದ.

ಅಂದು ಆಕೆ ಹೇಳಿದ ಮಾತುಗಳಲ್ಲಿ ಬಹಳಷ್ಟನ್ನು ಆಮೇಲೆ ಪುಸ್ತಕಗಳಲ್ಲಿ ಓದಿ ಗಟ್ಟಿಮಾಡಿಕೊಂಡಿದ್ದೇನೆ. ಹೊಟ್ಟೆಯ ಹುಣ್ಣಿಗೆ ಮೂಲ ಕ್ರಿಮಿಯಲ್ಲ, ತೇವ. ಹೊಲಸಾದ ಒದ್ದೆಯ ಮೇಲೆ ಹಾವು ದಿನಗಟ್ಟಲೆ ಮಲಗಿದರೆ ಮೊದಲು ಬರಿಯ ನೀರಿನ ಬೊಕ್ಕೆ ಏಳುತ್ತದೆ. ಆಗ ಅದರಲ್ಲಿ ಕ್ರಿಮಿ ಇರುವುದೇ ಇಲ್ಲ. ಬೊಕ್ಕೆ ಒಡೆದ ಮೇಲೆ ಸ್ಯೂಡೋಮೋನಾಸ್, ಏರೋಮೋನಾಸ್ ಮೊದಲಾದ ಬ್ಯಾಕ್ಟೀರಿಯಗಳು ಒಳಹೋಗುತ್ತವೆ. ಅವು ರಕ್ತಕ್ಕೆ ಸೇರಿದರೆ ಹಾವು ಉಳಿಯುವುದು ಕಷ್ಟ. ಎಣ್ಣೆ ಹಚ್ಚಿದ್ದರಿಂದ ಹುಣ್ಣು ಒಣಗಲು ಅವಕಾಶವಿಲ್ಲದೆ ಹೋಗಿತ್ತು. ಇನ್ನು ತಂಪಿನ ಮಾತು. ಹಾವಿನ ಮೈ ತನ್ನ ಕಾವನ್ನು ತಾನೇ ಹುಟ್ಟಿಸಿಕೊಳ್ಳಲಾರದು. ಹೊರಗಿನ ಕಾವು ಸಿಕ್ಕಿದರೆ ಮಾತ್ರ ಉಂಡದ್ದು ಅರಗುತ್ತದೆ, ಗಾಯ ಮಾಯುತ್ತದೆ. ನಾವು ರೋಗಿಯನ್ನು ತಂದು ತಣ್ಣನೆಯ ಮೂಲೆಯಲ್ಲಿ ಇಟ್ಟಿದ್ದೆವು!

ಚಿಕಿತ್ಸೆ ನಡೆದದ್ದು ಹೀಗೆ. ಆಸ್ಪತ್ರೆಯ ತಕ್ಕಡಿಯಲ್ಲಿ ಚೀಲದ ಸಮೇತ ತೂಗಿ, ಚೀಲದ ತೂಕ ಕಳೆದು, ಅದಕ್ಕೆ ತಕ್ಕಷ್ಟು ಮದ್ದು ಲೆಕ್ಕ ಹಾಕಿದರು. ಸೂಜಿಯನ್ನು ಮೈಯ ಮುಂಭಾಗದಲ್ಲೇ ಹಾಕಬೇಕಂತೆ. ಹಿಂಭಾಗದ ರಕ್ತ ಮೊದಲು ಮೂತ್ರಪಿಂಡಕ್ಕೆ ಹೋಗುವುದರಿಂದ ಅಲ್ಲಿ ಹಾಕಿದ ಮದ್ದು ಕೆಲಸ ಮಾಡುವ ಮುಂಚೆಯೇ ಸೋರಿಹೋಗಬಹುದು. ಮೂರು ದಿನಕ್ಕೊಂದರಂತೆ ಸೆಫ್ಟಾಜಿಡೀಮ್ ಎಂಬ ಮದ್ದಿನ ಏಳು ಸೂಜಿ. ಪಂಚಮಿಯ ದುಡ್ಡಿನಲ್ಲಿ ಮುಕ್ಕಾಲು ಪಾಲು ಔಷಧದಂಗಡಿಗೆ ಸಂದಿತು. ಅಪ್ಪ ಒಂದು ವಾರ ನಮ್ಮಿಬ್ಬರೊಡನೆ ಮಾತಾಡಲಿಲ್ಲ.

ಮನೆಯ ಕೆಲಸ ನನ್ನದು. ಪೊವಿಡೋನ್ ಅಯೋಡಿನ್ ದ್ರವವನ್ನು ಹಾಲು ಹಾಕದ ತೆಳು ಚಹದ ಬಣ್ಣ ಬರುವಷ್ಟು ನೀರಿಗೆ ಬೆರೆಸಿ ಕೊಡುವುದು. ತಾತ ಹಾವನ್ನು ಹಿಡಿದು ಹುಣ್ಣನ್ನು ಅದರಿಂದ ಒರೆಸಿ, ಒಣಗಿಸಿ, ಸುಟ್ಟಗಾಯಕ್ಕೆ ಹಚ್ಚುವ ಸಿಲ್ವರ್ ಸಲ್ಫಾಡಯಜಿನ್ ಮುಲಾಮನ್ನು ತೆಳ್ಳಗೆ ಸವರುತ್ತಿದ್ದ. ಹಳೆಯ ಬುಟ್ಟಿಯನ್ನು ಸುಟ್ಟೆವು. ಸಗಣಿ ಬಳಿಯದ ಹೊಸ ಬುಟ್ಟಿ ಬಂತು. ಅದರೊಳಗೆ ಬಟ್ಟೆಯ ಬದಲು ವೃತ್ತಪತ್ರಿಕೆ. ಒದ್ದೆಯಾದ ಕೂಡಲೆ ತೆಗೆದು ಬೇರೆ ಹಾಸಬೇಕು. ಸಣ್ಣ ಬಟ್ಟಲಲ್ಲಿ ಕುಡಿಯುವ ನೀರು ಯಾವಾಗಲೂ ಇರಬೇಕು. ಬುಟ್ಟಿಯ ಜಾಗ ಒಲೆಯ ಹಿಂದಿನ ಬೆಚ್ಚನೆಯ ಗೋಡೆಯ ಪಕ್ಕ. ಅವ್ವ ಮೊದಮೊದಲು ಗೊಣಗಿ, ಆಮೇಲೆ ಮಳೆ ಹೆಚ್ಚಾದ ರಾತ್ರಿಗಳಲ್ಲಿ ತಾನೇ ಎದ್ದು ಒಲೆಗೆ ಇನ್ನೊಂದು ಕೊರಡು ತಳ್ಳುತ್ತಿದ್ದಳು.

ಒಂದು ಮಾತನ್ನು ಇಲ್ಲೇ ಹೇಳಿಬಿಡುತ್ತೇನೆ. ಸೆಲೂನಿನವರಿಂದ ಹಳೆಯ ಪತ್ರಿಕೆಗಳನ್ನು ಬೇಡಿ ತಂದು ಹಾಸುವ ಮುನ್ನ ಓದುತ್ತಿದ್ದೆನಲ್ಲ, ನಾನು ಪತ್ರಿಕೆ ಓದಲು ಕಲಿತದ್ದು ಹಾಗೆ. ನಮ್ಮ ಮನೆಗೆ ಅದಕ್ಕೆ ಮುಂಚೆ ಯಾವ ಪತ್ರಿಕೆಯೂ ಬಂದಿರಲಿಲ್ಲ.

ಕಷ್ಟ ಬಂದದ್ದು ಹಲ್ಲಿನಿಂದ. ಡಾಕ್ಟರಮ್ಮ ಮೊದಲ ದಿನ ಬಾಯಿ ಬಿಡಿಸಿ ನೋಡಿ, ವಿಷದ ಹಲ್ಲು ಕಿತ್ತ ಜಾಗದಲ್ಲಿ ಕೀವಿರುವುದನ್ನು ಕಂಡು, ಇನ್ನು ಮುಂದೆ ಹಲ್ಲು ಕೀಳಕೂಡದೆಂದು ತಾತನಿಂದ ಮಾತು ತೆಗೆದುಕೊಂಡಿದ್ದರು. ಕಿತ್ತ ಹಲ್ಲಿನ ಹಿಂದೆ ಬದಲಿ ಹಲ್ಲು ಸಿದ್ಧವಾಗಿರುತ್ತದೆ. ಕೆಲವೇ ವಾರಗಳಲ್ಲಿ ಅದು ಮುಂದೆ ಬಂದು ನಿಲ್ಲುತ್ತದೆ. ಅಂದರೆ ನಾಗಪ್ಪ ಗುಣವಾದಷ್ಟೂ ಅಪಾಯ ಹೆಚ್ಚು. ಐದನೆಯ ಸೂಜಿಯ ಹೊತ್ತಿಗೆ ಅದು ಬುಸುಗುಟ್ಟಿ ಹೆಡೆಯೆತ್ತತೊಡಗಿತು. ತಾತ ನನ್ನನ್ನು ಬಾಗಿಲಾಚೆ ನಿಲ್ಲಿಸಿ, ಮದ್ದಿನ ಬಟ್ಟಲನ್ನು ಕೋಲಿನಿಂದ ತನ್ನ ಕಡೆಗೆ ಎಳೆದುಕೊಂಡು, ಒಬ್ಬನೇ ಹಚ್ಚುತ್ತಿದ್ದ. ಅರವತ್ತೈದು ದಾಟಿದ ಕೈ, ಸಂಜೆಯ ಮಬ್ಬು. “ಇಕ್ಕಳದಲ್ಲಿ ಒಂದು ಕ್ಷಣ ತಾತ, ಕಿತ್ತುಬಿಡು” ಎಂದು ನಾನು ಒಂದು ಸಂಜೆ ಅತ್ತೆ. ಅವನು ತಿರುಗಿ ನೋಡದೆ, “ಮಾತು ಕೊಟ್ಟಿವ್ನಿ ಕಣ್ಲಾ” ಎಂದಷ್ಟೇ ಹೇಳಿದ. ನಾನು ಬಾಗಿಲಾಚೆಯಿಂದ ಮುಲಾಮಿನ ವಾಸನೆಯನ್ನೂ ಅವನ ಉಸಿರನ್ನೂ ಲೆಕ್ಕ ಹಾಕುತ್ತಿದ್ದೆ.

ಕೊನೆಯ ಸೂಜಿಯಾದ ಮೇಲೆ ಕಣ್ಣು ಹಾಲುಗಟ್ಟಿದವು; ಪೊರೆ ಬಿಡುವ ಸೂಚನೆ. ಗಾಯವಾದ ಹಾವು ಬೇಗಬೇಗ ಪೊರೆ ಬಿಡುವುದುಂಟು, ಬಿಟ್ಟ ಹಾಗೆಲ್ಲ ತೊಗಲು ಹೊಸದಾಗುತ್ತದೆ. ಆರೋಗ್ಯವಾಗಿದ್ದರೆ ಕಾಲುಚೀಲ ತೆಗೆದಂತೆ ಒಂದೇ ಉದ್ದಕ್ಕೆ ಬರಬೇಕಾದದ್ದು ಮೂರು ತುಂಡಾಗಿ ಬಂತು. ಹುಣ್ಣಿದ್ದ ಕಡೆ ಅಂಟಿಕೊಂಡ ಚೂರನ್ನು ಕೀಳದೆ, ಉಗುರುಬೆಚ್ಚಗಿನ ನೀರಲ್ಲಿ ಸ್ವಲ್ಪ ಹೊತ್ತು ಬಿಟ್ಟೆವು, ತಾನಾಗಿ ಕಳಚಿತು. ಕೆಳಗೆ ಹೊಸ ಹುರುಪೆ, ಸ್ವಲ್ಪ ಸೊಟ್ಟ, ಆದರೆ ಒಣಗಿದ್ದು.

ಮಹಾನವಮಿಯ ಹಿಂದುಮುಂದಿನಲ್ಲಿ ಅರಣ್ಯ ಇಲಾಖೆಯವರು ಆಸ್ಪತ್ರೆಗೆ ಬಂದರು. ತಾನಾಗಿ ಒಪ್ಪಿಸಿದನೆಂದು ಡಾಕ್ಟರಮ್ಮ ಬರೆದುಕೊಟ್ಟರು, ಮೊಕದ್ದಮೆ ಆಗಲಿಲ್ಲ. ಎಲ್ಲಿ ಹಿಡಿದದ್ದೆಂದು ಕೇಳಿದರು. ತಾತ ಗುಡ್ಡದ ಹೆಸರು, ಹುತ್ತದ ಗುರುತು ಎಲ್ಲ ಹೇಳಿದ. ಅಲ್ಲಿಯೇ ಬಿಟ್ಟರೆಂದು ಆಮೇಲೆ ತಿಳಿಯಿತು.

ಮರುವರ್ಷದ ಪಂಚಮಿಯಂದು ತಾತ ಜಗಲಿಯ ಮೇಲೆ ಕೂತಿದ್ದ. ಎರಡು ಮನೆಯವರು ಬಂದು ಕೇಳಿ ಹೋದರು. ಅನಂತರ ಅವನು ಒಂದು ತೆಂಗಿನ ತೋಟದ ರಾತ್ರಿ ಕಾವಲಿಗೆ ಸೇರಿದ. ಆ ಕೆಲಸ ಅವನಿಗೆ ಒಗ್ಗಲಿಲ್ಲ. ಒಗ್ಗಲಿಲ್ಲವೆಂದು ಹೇಳಲೂ ಇಲ್ಲ. ಆಸ್ಪತ್ರೆಗೆ ಹೋಗೋಣವೆಂದು ಹಟ ಹಿಡಿದವನು ನಾನೇ ಅಲ್ಲವೆ ಎಂಬುದು ನನ್ನನ್ನು ಎಷ್ಟೋ ವರ್ಷ ಕಾಡಿದೆ. ಪಿ.ಯು.ಸಿ. ಓದುವಾಗ ಗ್ರಂಥಾಲಯದಲ್ಲಿ ತಮಿಳುನಾಡಿನ ಇರುಳರ ವಿಚಾರ ಓದಿದೆ. ಹಾವು ಹಿಡಿಯುವ ಆ ಜನ 1978ರಲ್ಲಿ ಮದರಾಸಿನ ಹತ್ತಿರ ಸಹಕಾರ ಸಂಘ ಕಟ್ಟಿಕೊಂಡು, ಸರ್ಕಾರದ ಪರವಾನಗಿಯಿಂದ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲಗಳ ವಿಷ ತೆಗೆದು ಔಷಧ ತಯಾರಿಕೆಗೆ ಮಾರುತ್ತಾರೆ. ಹಾವುಗಳನ್ನು ತಳಕ್ಕೆ ಮರಳು ಹಾಕಿದ ಮಣ್ಣಿನ ಮಡಕೆಗಳಲ್ಲಿ ಇಡುತ್ತಾರೆ. ಹೊಟ್ಟೆಯ ಹುರುಪೆಯಲ್ಲಿ ಗುರುತಿಗಾಗಿ ಸ್ವಲ್ಪ ಕತ್ತರಿಸಿ, ಕೆಲವು ವಾರಗಳಾದ ಮೇಲೆ ಕಾಡಿಗೆ ಬಿಡುತ್ತಾರೆ. ಓಡಿ ಬಂದು ತಾತನಿಗೆ ಹೇಳಿದೆ. ಅವನು ಎಲ್ಲ ಕೇಳಿ, “ಮಡಕೆ ಉಸಿರಾಡ್ತದೆ, ಮರಳು ನೀರು ಕುಡೀತದೆ. ಬುದ್ಧಿವಂತ ಜನ” ಎಂದ. ಸ್ವಲ್ಪ ಹೊತ್ತಿನ ಮೇಲೆ, “ನಮಗ್ಯಾರೂ ಹೇಳ್ಲಿಲ್ವಲ್ಲೋ ಮಗಾ” ಎಂದ. 2022ರಲ್ಲಿ ತೀರಿಕೊಂಡ.

ಹೊರದೇಶಗಳಲ್ಲಿ ಗಾಜಿನ ಪೆಟ್ಟಿಗೆಯಲ್ಲಿ ಹೆಬ್ಬಾವು ಸಾಕುವ ಶ್ರೀಮಂತರಿಗೂ ಇದೇ ಹುಣ್ಣಿನ ಕಾಟವಂತೆ; ಅವರ ಪುಸ್ತಕಗಳಲ್ಲೂ ಒಣ ಕಾಗದ, ಕಾವು, ತೆಳು ಅಯೋಡಿನ್ ಇವೇ ಮೊದಲ ಉಪಚಾರ. ಅದರ ಜೊತೆಗೆ ಓಫಿಡಿಯೋಮೈಸಿಸ್ ಎಂಬ ಶಿಲೀಂಧ್ರದಿಂದ ಬರುವ ಚರ್ಮರೋಗವೊಂದು ಅಮೆರಿಕದ ಕಾಡುಹಾವುಗಳನ್ನೂ ಹಿಡಿದಿದೆಯೆಂದು ಓದಿದ್ದೇನೆ. ನಮ್ಮಲ್ಲಿ ನಾಡಿನ ಹಾವುಗಳನ್ನು ಸಾಕುವುದೇ ಅಪರಾಧವಾದ್ದರಿಂದ ನನ್ನ ಈ ವೈದ್ಯಶಾಸ್ತ್ರ ಯಾವ ಓದುಗರಿಗೂ ಉಪಯೋಗಕ್ಕೆ ಬಾರದು.

ಈ ಕಾಲೇಜಿಗೆ ಸೇರುವಾಗ ಅರ್ಜಿಯಲ್ಲಿ ಕುಟುಂಬದ ಕಸುಬು ಎಂಬ ಕಡೆ ನಾನು ‘ಕೂಲಿ’ ಎಂದು ಬರೆದಿದ್ದೆ. ಅಪ್ಪನ ಮಟ್ಟಿಗೆ ಅದು ಸುಳ್ಳಲ್ಲ. ಅರ್ಜಿಯನ್ನು ಓದಿ ಹೇಳೆಂದಾಗ ಆ ಒಂದು ಸಾಲನ್ನು ತಾತನಿಗೆ ಓದದೆ ದಾಟಿಸಿದೆ. ಅವನಿಗೆ ಗೊತ್ತಾಯಿತೋ ಇಲ್ಲವೋ.

ಅಂದಿನ ಪೊರೆಯ ಒಂದು ತುಂಡು ನನ್ನ ಅರ್ಥಶಾಸ್ತ್ರದ ಪುಸ್ತಕದೊಳಗಿದೆ. ಬೆಳಕಿಗೆ ಹಿಡಿದರೆ ಹೊಟ್ಟೆಯ ಕಡೆಯ ಹುರುಪೆಗಳಲ್ಲಿ ಒಂಬತ್ತು ಸುಕ್ಕುಗಟ್ಟಿರುವುದು ಕಾಣುತ್ತದೆ.