ಜಾಬ್ಸ್ ಕಣ್ಣಿಗೆ ಬೀಳದ್ದು

1979ರ ಡಿಸೆಂಬರ್. ಕ್ಯಾಲಿಫೋರ್ನಿಯಾದ ಪಾಲೊ ಆಲ್ಟೊದಲ್ಲಿದ್ದ ಜೆರಾಕ್ಸ್ ಕಂಪನಿಯ ಸಂಶೋಧನಾ ಕೇಂದ್ರದಲ್ಲಿ ಅಡೆಲ್ ಗೋಲ್ಡ್‌ಬರ್ಗ್ ಮೇಲಧಿಕಾರಿಗಳೊಡನೆ ಜಗಳಕ್ಕೇ ನಿಂತಿದ್ದರು. ಆಪಲ್ ಕಂಪನಿಯ ಷೇರು ಕೊಳ್ಳುವ ಅವಕಾಶ ಜೆರಾಕ್ಸ್‌ಗೆ ಸಿಕ್ಕಿತ್ತು. ಅದಕ್ಕೆ ಪ್ರತಿಯಾಗಿ ಆಪಲ್‌ನವರಿಗೆ ಪ್ರಯೋಗಾಲಯದ ಬಾಗಿಲು ತೆರೆಯಬೇಕಿತ್ತು. ಹಾಗೆ ಮಾಡಿದರೆ ಮನೆಯ ಸಾಮಾನನ್ನೆಲ್ಲ ಎತ್ತಿ ಕೊಟ್ಟಂತೆ ಎಂಬುದು ಆಕೆಯ ವಾದ. ಗಂಟೆಗಟ್ಟಲೆ ಚರ್ಚೆ ನಡೆಯಿತು. ಅಪ್ಪಣೆ ಮಾಡಿದರೆ ಮಾತ್ರ ತೋರಿಸುವೆ ಎಂದರು. ಅಪ್ಪಣೆಯೂ ಬಂತು.

ತೋರಿಸಬೇಕಿದ್ದುದು ‘ಸ್ಮಾಲ್‌ಟಾಕ್’. ಮಕ್ಕಳೂ ಕಂಪ್ಯೂಟರನ್ನು ಪಳಗಿಸುವಂತಾಗಬೇಕೆಂದು ಅಲನ್ ಕೇ ಕಂಡ ಕನಸು ಅದು. 1972ರಲ್ಲಿ ಅದನ್ನು ಮೊದಲು ಓಡಿಸಿದವರು ಡಾನ್ ಇಂಗಾಲ್ಸ್. ಅಂಕಿ, ಅಕ್ಷರ, ಪರದೆಯ ಮೇಲಿನ ಕಿಟಕಿ ಎಲ್ಲವೂ ಅಲ್ಲಿ ಒಂದೊಂದು ‘ಆಬ್ಜೆಕ್ಟ್’. ಒಂದು ಇನ್ನೊಂದಕ್ಕೆ ಸಂದೇಶ ಕಳಿಸುತ್ತದೆ, ಅದು ತನಗೆ ತಿಳಿದಂತೆ ಉತ್ತರಿಸುತ್ತದೆ. ಕೇ ಜೀವಶಾಸ್ತ್ರ ಓದಿದ್ದವರು. ಅವರ ತಲೆಯಲ್ಲಿದ್ದುದು ಜೀವಕೋಶಗಳ ಚಿತ್ರ.

ನಮಗೆ ಮದುವೆ ಮನೆಯ ಪಂಕ್ತಿ ಸಾಕು. ‘ಸಾರು’ ಎಂದು ಕೂಗಿದವನಿಗೆ ಬಡಿಸುವವರ ಹೆಸರು ಗೊತ್ತಿರಬೇಕಿಲ್ಲ. ಕೂಗಿದಾಗ ಬಕೆಟ್ ಹಿಡಿದವರು ಬರುತ್ತಾರೆ. ನಡುವೆ ಬಡಿಸುವವರು ಬದಲಾದರೂ ಪಂಕ್ತಿ ಏಳಬೇಕಿಲ್ಲ. ಯಾರು, ಹೇಗೆ ಎಂಬುದು ಆ ಕ್ಷಣಕ್ಕೇ ತೀರ್ಮಾನವಾಗುತ್ತದೆ. ಇದಕ್ಕೊಂದು ಅಪಾಯವೂ ಉಂಟೆನ್ನಿ: ಹೋಳಿಗೆ ಮಾಡಿಯೇ ಇಲ್ಲವೆಂಬುದು ತಿಳಿಯುವುದು ಯಾರಾದರೂ ಹೋಳಿಗೆ ಕೇಳಿದಾಗಲೇ. ಎಲ್ಲವನ್ನೂ ಮೊದಲೇ ಪಟ್ಟಿ ಮಾಡಿ ತಾಳೆ ನೋಡುವ ಭಾಷೆಗಳಲ್ಲಿ ಇಂಥ ಎಡವಟ್ಟು ಬೇಗ ಸಿಕ್ಕಿಬೀಳುತ್ತದೆ.

ಪ್ರದರ್ಶನ ನಡೆದಿತ್ತು. ಪರದೆಯ ಬರಹ ಒಂದೊಂದೇ ಸಾಲು ಜಿಗಿಯುತ್ತ ಮೇಲೇರುತ್ತಿತ್ತು. ನಯವಾಗಿ ಜಾರಿದರೆ ಚೆನ್ನವೆಂದು ಸ್ಟೀವ್ ಜಾಬ್ಸ್ ಆಕ್ಷೇಪವೆತ್ತಿದರು. ಇಂಗಾಲ್ಸ್ ಯಂತ್ರ ನಿಲ್ಲಿಸಲಿಲ್ಲ, ನಾಳೆ ಬನ್ನಿ ಎನ್ನಲೂ ಇಲ್ಲ. ಅಲ್ಲೇ ಕೆಲವು ಸಾಲು ತಿದ್ದಿದರು. ಒಂದು ನಿಮಿಷವೂ ಆಗಿರಲಿಲ್ಲ, ಬರಹ ಜಾರತೊಡಗಿತು!

ಕಣ್ಣೆದುರೇ ನಡೆದರೂ ಜಾಬ್ಸ್ ಮನಸ್ಸಿಗೆ ನಾಟಿದ್ದು ಬೇರೆಯೇ. ಕಿಟಕಿ, ಮೌಸ್‌ಗಳ ಬೆರಗಿನಲ್ಲಿ ಉಳಿದದ್ದನ್ನು ತಾನು ಸರಿಯಾಗಿ ನೋಡಲೇ ಇಲ್ಲವೆಂದು 1996ರ ಒಂದು ಟಿ.ವಿ. ಸಾಕ್ಷ್ಯಚಿತ್ರದಲ್ಲಿ ಅವರೇ ಒಪ್ಪಿಕೊಂಡರು. ಆ ಉಳಿದದ್ದರಲ್ಲಿ ಆಬ್ಜೆಕ್ಟ್ ವಿಧಾನವೂ ಒಂದು. ಗೋಲ್ಡ್‌ಬರ್ಗ್ ಬೇಡವೆಂದರೂ ತೆರೆದಿಟ್ಟ ಮನೆಯಲ್ಲಿ ಅತಿಥಿ ಅಂಗಳ ನೋಡಿ ಹೊರಟಿದ್ದ!

1985ರಲ್ಲಿ ಆಪಲ್ ಬಿಟ್ಟ ಜಾಬ್ಸ್ ಕಟ್ಟಿದ ‘ನೆಕ್ಸ್ಟ್’ ಕಂಪನಿ ಆರಿಸಿಕೊಂಡದ್ದು ‘ಆಬ್ಜೆಕ್ಟಿವ್-ಸಿ’ಯನ್ನು. ಸಿ ಭಾಷೆಗೆ ಸ್ಮಾಲ್‌ಟಾಕ್‌ನ ಸಂದೇಶ ಪದ್ಧತಿ ಬೆಸೆದ ಭಾಷೆ ಅದು. ಆಪಲ್ ನೆಕ್ಸ್ಟನ್ನು ಕೊಂಡಾಗ ಭಾಷೆಯೂ ಜತೆಗೇ ಬಂತು. 2007ರ ಐಫೋನ್ ಒಳಗೂ ಅದೇ ಇತ್ತು. ಅದರಲ್ಲಿ ಯಾವುದೋ ಆಪ್ ತಟ್ಟನೆ ಮುಚ್ಚಿಕೊಂಡರೆ, ಒಳಗೆಲ್ಲೋ ಯಾರೋ ಹೋಳಿಗೆ ಕೇಳಿರುವ ಸಾಧ್ಯತೆಯೂ ಇರುತ್ತಿತ್ತು.