ಹಾರನಹಳ್ಳಿ ಅಡುಗೆಮನೆಗೆ ನಾಲ್ಕು ಊರಿನ ಫಿಟಿಂಗ್ಸ್

ಫೋನಿನಲ್ಲಿ ಹಾರನಹಳ್ಳಿ ಅಂತ ಹುಡುಕಿದರೆ ಮೊದಲು ಬರೋದು ಅರಸೀಕೆರೆ ಹತ್ತಿರದ ಹಾರನಹಳ್ಳಿ. ಹೊಯ್ಸಳರ ಕಾಲದ ಲಕ್ಷ್ಮೀನರಸಿಂಹ, ಸೋಮೇಶ್ವರ ದೇವಸ್ಥಾನಗಳಿರುವ ಊರದು. ನಮ್ಮದು ಅದಲ್ಲ. ನಮ್ಮ ಹಾರನಹಳ್ಳಿ ಮೈಸೂರು ಜಿಲ್ಲೆಯ ಪಿರಿಯಾಪಟ್ಟಣ ತಾಲೂಕಿನದು. ಇಲ್ಲಿ ಪ್ರವಾಸಿಗರು ಫೋಟೋ ತೆಗೆಯುವಂಥದ್ದು ಏನೂ ಇಲ್ಲ. ಹೊಲ, ಹೊಲದ ಮಧ್ಯೆ ತಂಬಾಕು ಬೇಯಿಸುವ ಎತ್ತರದ ಬ್ಯಾರನ್‌ಗಳು, ಕೆಂಪು ಮಣ್ಣು, ರಾಗಿ, ಜೋಳ. ಆದರೆ ಈಗ ಊರಿನ ತುಂಬ ಹೊಸ ಮನೆಗಳು ಏಳುತ್ತಿವೆ. ಹೊಸ ಮನೆ ಅಂದಮೇಲೆ ಹೆಂಗಸರು ಕೇಳುವ ಮೊದಲ ಪ್ರಶ್ನೆ ಒಂದೇ: "ಅಡುಗೆಮನೆ ಮಾಡ್ಯುಲರ್ ಮಾಡ್ಸಿದ್ದೀರಾ?"

ನಮ್ಮ ಅವ್ವನಿಗೂ ಬೇಕಿತ್ತು. ಆಸೆಗಿಂತ ಹೆಚ್ಚಾಗಿ ಮಂಡಿನೋವಿಗೆ. ಕೆಳಗಿನ ಕಡಪಾ ಕಲ್ಲಿನ ಗೂಡಿನೊಳಗೆ ಬಗ್ಗಿ ರಾಗಿ ಹಿಟ್ಟಿನ ಡಬ್ಬ ಎಳೆಯುವುದು ಅವಳಿಗೆ ದಿನಾ ಬೆಳಗಿನ ಶಿಕ್ಷೆ. ಪಾತ್ರೆ ನಮ್ಮ ಹತ್ತಿರ ಬರಬೇಕು, ನಾವು ಪಾತ್ರೆ ಹತ್ತಿರ ಹೋಗಬಾರದು ಅನ್ನೋದು ಅವಳ ಬೇಡಿಕೆ. ಅಂದರೆ ಡ್ರಾಯರ್.

ದುಡ್ಡಿನ ಲೆಕ್ಕ ಮಾತ್ರ ಬಿಗಿ. ಈ ಕಡೆಯ ಮನೆಗಳಲ್ಲಿ ದೊಡ್ಡ ಮೊತ್ತ ಕೈಗೆ ಬರೋದು ತಂಬಾಕು ಹರಾಜಿನ ದಿನಗಳಲ್ಲಿ. ಹುಣಸೂರು ಭಾಗದಲ್ಲಾಗಲಿ, ಕಂಪಲಾಪುರದಲ್ಲಾಗಲಿ ತಂಬಾಕು ಮಂಡಳಿಯ ಹರಾಜು ಕಟ್ಟೆಯಲ್ಲಿ ಬೇಲು ಮಾರಿದ ಮೇಲೆ ಬರುವ ಹಣ ವರ್ಷಪೂರ್ತಿ ನಡೆಯಬೇಕು. ನಮ್ಮ ಬ್ಯಾರನ್ನಿನ ಕಬ್ಬಿಣದ ಕೊಳವೆಗಳು ತುಕ್ಕು ಹಿಡಿದಿದ್ದವು. ಮುಂದಿನ ಬೇಯಿಸುವಿಕೆಗೆ ಮೊದಲು ಬದಲಾಯಿಸಲೇಬೇಕು. ಅಡುಗೆಮನೆಗೆ ಹೆಚ್ಚಾದ ಒಂದೊಂದು ರೂಪಾಯಿಯೂ ಕೊಳವೆಯಿಂದ ಕಡಿಮೆ. ಅಪ್ಪ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಬ್ಯಾರನ್ ಕಡೆ ನೋಡಿ ನೋಡಿ ಬರ್ತಿದ್ದರು.

ಮೈಸೂರಿನ ಒಂದು ಶೋರೂಮಿನಿಂದ ಕೊಟೇಶನ್ ತಂದೆ. ಪ್ಲೈವುಡ್, ಲ್ಯಾಮಿನೇಟ್, ಕೂಲಿ ಎಲ್ಲ ಬಿಟ್ಟು ಬರೀ ಫಿಟಿಂಗ್ಸ್‌ಗೆ 60,240 ರೂಪಾಯಿ. ಎಲ್ಲವೂ ಒಂದೇ ಕಂಪನಿಯದು. "ಮಿಕ್ಸ್ ಮಾಡಿದರೆ ಕೂರಲ್ಲ ಮೇಡಂ" ಅಂದರು. ಅದು ಎಷ್ಟು ನಿಜ, ಎಷ್ಟು ವ್ಯಾಪಾರ ಅಂತ ತಿಳಿಯೋಕೆ ನಾನು ಊರಿನ ದಾರಿಯಲ್ಲಿರುವ ಒಂದೊಂದು ಪೇಟೆಯಲ್ಲೂ ಇಳಿದು ಬಂದೆ.

ಗಾಡಿ ಕಟ್ಟಿದ ಊರು

ಮೈಸೂರಿನಿಂದ ಮಡಿಕೇರಿ ರಸ್ತೆಯಲ್ಲಿ ಬಿಳಿಕೆರೆ ದಾಟಿ ಸುಮಾರು 45 ಕಿಲೋಮೀಟರ್ ಹೋದರೆ ಹುಣಸೂರು. ಲಕ್ಷ್ಮಣತೀರ್ಥ ನದಿ, ದೇವರಾಜ ಅರಸರ ತಾಲೂಕು, ನಾಗರಹೊಳೆಗೆ ಹೋಗುವವರ ಟೀ ಸ್ಟಾಪ್. ಆದರೆ ಮರಗೆಲಸದವರಿಗೆ ಹುಣಸೂರು ಅಂದರೆ ಮರದ ಊರು. ಹಿಂದೆ ಇಲ್ಲಿ ಅಮೃತಮಹಲ್ ದನಗಳ ಕೇಂದ್ರವಿತ್ತು. ಅದರ ಜೊತೆಗೆ ಚರ್ಮ ಹದ ಮಾಡುವ ಕೆಲಸ, ಕಂಬಳಿ, ಮರದ ಅಡ್ಡೆ ಬೆಳೆದವು. ಹುಣಸೂರಿನ ಎತ್ತಿನಗಾಡಿಗೆ ಸುತ್ತಲ ಸೀಮೆಯಲ್ಲಿ ಹೆಸರಿತ್ತು. ಈಗಲೂ ಪ್ಲೈವುಡ್, ಸಾಮಿಲ್ ಅಂದರೆ ಈ ಭಾಗದವರು ಮೊದಲು ನೆನೆಸೋದು ಹುಣಸೂರನ್ನೇ.

ನಮ್ಮ ಆಚಾರ್ರ ಮನೆಯಲ್ಲೂ ಹಿಂದಿನ ತಲೆಮಾರು ಗಾಡಿ ಕಟ್ಟಿದ್ದು. ಅವರ ಮುಂದೆ ಮಿಕ್ಸಿಂಗ್ ಪ್ರಶ್ನೆ ಇಟ್ಟೆ. ಅವರು ನಕ್ಕು ಹೇಳಿದರು: "ನೋಡವ್ವಾ, ಅಚ್ಚು-ಗುಂಬ ಜೋಡಿ. ಅವೆರಡನ್ನ ಬೇರೆಬೇರೆ ಕಡೆಯಿಂದ ತರಂಗಿಲ್ಲ. ನೊಗ ಯಾರ ಮನೇದಾದ್ರೂ ಆಯ್ತದೆ."

ಶೋರೂಮು ಹೇಳದ ಉತ್ತರ ಇಷ್ಟೇ. ಒಂದರೊಳಗೊಂದು ಚಲಿಸುವ ಜೋಡಿಯನ್ನು ಒಡೆಯಬಾರದು. ಅಳತೆ ಒಂದೇ ಆಗಿ, ಸ್ಕ್ರೂನಿಂದ ಕೂರುವಂಥದ್ದನ್ನು ಎಲ್ಲಿಂದಾದರೂ ತರಬಹುದು.

ಅಳತೆ ಒಂದೇ, ಹೆಸರು ಬೇರೆ

ಎರಡನೇ ಮಹಾಯುದ್ಧದ ನಂತರ ಯುರೋಪಿನಲ್ಲಿ ಕ್ಯಾಬಿನೆಟ್ ಮಾಡೋಕೆ ಒಂದು ಅಳತೆಯ ಪದ್ಧತಿ ಬಂತು. ಪಕ್ಕದ ಹಲಗೆಯಲ್ಲಿ 5 ಮಿಲಿಮೀಟರ್ ತೂತು, ತೂತಿನಿಂದ ತೂತಿಗೆ 32 ಮಿಲಿಮೀಟರ್, ಮುಂದಿನ ಅಂಚಿನಿಂದ 37. ಒಳಗೆ ಅಡಗುವ ಆಟೋ ಹಿಂಜಸ್‌ಗೆ ಶಟರಿನಲ್ಲಿ ಕೊರೆಯುವ ದುಂಡು ಗುಣಿ 35. ಇವತ್ತು ಜರ್ಮನಿಯ ಹೆಟ್ಟಿಚ್ ಇರಲಿ, ಆಸ್ಟ್ರಿಯಾದ ಬ್ಲಮ್ ಇರಲಿ, ಮುಂಬೈಯ ಎಬ್ಕೋ ಇರಲಿ, ಸಾಮಾನ್ಯ ಅಡುಗೆಮನೆ ಹಿಂಜಸ್‌ಗೆ ಅದೇ 35ರ ಗುಣಿ. ಅಂದಹಾಗೆ, 1952ರಲ್ಲಿ ಶುರುವಾದ ಬ್ಲಮ್ ಕಂಪನಿ ಮೊದಲು ಮಾಡಿದ್ದು ಕುದುರೆ ಲಾಳಕ್ಕೆ ಹಾಕುವ ಗುಬ್ಬಿ ಮೊಳೆ. ಇದನ್ನು ಕೇಳಿ ಆಚಾರ್ರಿಗೆ ಆ ಕಂಪನಿ ಮೇಲೆ ಗೌರವವೇ ಬಂತು.

ಆದರೆ ಗುಣಿ ಒಂದೇ ಆದರೂ ಅದರ ಪಕ್ಕದ ಎರಡು ಸ್ಕ್ರೂಗಳ ನಡುವಿನ ದೂರ ಬೇರೆ. ಬ್ಲಮ್‌ಗೆ 45 ಮಿಲಿಮೀಟರ್, ಹೆಟ್ಟಿಚ್‌ಗೆ 52, ಇನ್ನು ಕೆಲವಕ್ಕೆ 48. ಮೊದಲ ಸಲ ಹಾಕುವಾಗ ಇದು ಲೆಕ್ಕಕ್ಕೇ ಬರಲ್ಲ. ಐದು ವರ್ಷ ಆದಮೇಲೆ ಒಂದು ಹಿಂಜ್ ಮುರಿದು ಬೇರೆ ಕಂಪನಿಯದು ತಂದರೆ, ಹಳೇ ತೂತಿನ ಪಕ್ಕದಲ್ಲೇ ಹೊಸ ತೂತು ಬೀಳುತ್ತದೆ, ಸ್ಕ್ರೂ ಹಿಡಿಯಲ್ಲ. ಹಿಂಜಸ್‌ನ ತೋಳು ಮತ್ತು ಗೋಡೆಯ ಕಡೆಯ ಪ್ಲೇಟು ಅಂತೂ ಒಂದೇ ಕಂಪನಿಯದಾಗಿರಬೇಕು. ಒಂದರ ತೋಳು ಇನ್ನೊಂದರ ಪ್ಲೇಟಿಗೆ ಸರಿಯಾಗಿ ಕಚ್ಚಲ್ಲ. ಅದೇ ಅಚ್ಚು-ಗುಂಬ.

ಟೆಲಿಸ್ಕೋಪಿಕ್ ಚಾನೆಲ್ ಕಥೆ ಇನ್ನೂ ಸುಲಭ. ಡ್ರಾಯರ್ ಪೆಟ್ಟಿಗೆಗೂ ಕ್ಯಾಬಿನೆಟ್ ಗೋಡೆಗೂ ನಡುವೆ ಒಂದೊಂದು ಕಡೆ ಅರ್ಧ ಇಂಚು, ಅಂದರೆ 12.7 ಮಿಲಿಮೀಟರ್ ಬಿಡಬೇಕು. 45 ಮಿಲಿಮೀಟರ್ ಎತ್ತರದ ಸಾಮಾನ್ಯ ಚಾನೆಲ್ ಯಾವ ಕಂಪನಿಯದಾದರೂ ಇದೇ ಲೆಕ್ಕ. ಹಾಗಾಗಿ ಹಾಳಾದರೆ ಜೋಡಿಗೆ ಜೋಡಿಯನ್ನೇ ಬದಲಾಯಿಸಬಹುದು, ಪೆಟ್ಟಿಗೆ ಮುಟ್ಟಬೇಕಿಲ್ಲ. ಎಡಕ್ಕೊಂದು ಕಂಪನಿ, ಬಲಕ್ಕೊಂದು ಕಂಪನಿ ಮಾತ್ರ ಹಾಕಬೇಡಿ.

ಬಾಕ್ಸ್ ಡ್ರಾಯರ್, ಅಂದರೆ ಅಂಗಡಿಯವರು ಟ್ಯಾಂಡಮ್ ಅನ್ನುವ ಲೋಹದ ಗೋಡೆಯ ಡ್ರಾಯರ್, ಇದಕ್ಕೆ ವಿರುದ್ಧ. ಗೋಡೆ, ಚಾನೆಲ್, ಹಿಂಬದಿಯ ಹಿಡಿ ಎಲ್ಲ ಸೆಟ್. ತಳದ ಹಲಗೆ ಎಷ್ಟಗಲ ಕತ್ತರಿಸಬೇಕು ಅನ್ನುವುದು ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಅದಕ್ಕೇ ಆಚಾರ್ರು ಒಂದು ಷರತ್ತು ಹಾಕಿದರು: "ಐಟಂ ತಂದು ಕೈಲಿಡಿ, ಆಮ್ಯಾಕೆ ಪ್ಲೈ ಕುಯ್ತೀನಿ." ಮಿಕ್ಸ್ ಮಾಡುವವರು ಮೊದಲು ನೆನಪಿಡಬೇಕಾದ ಮಾತು ಇದೇ.

ಯಾವುದು ಎಲ್ಲಿಂದ?

ಇಲ್ಲಿ ಹಳ್ಳಿಯ ಲೆಕ್ಕ ಬೆಂಗಳೂರಿನ ಲೆಕ್ಕಕ್ಕಿಂತ ಬೇರೆ. ಬೆಂಗಳೂರಿನ ಫ್ಲ್ಯಾಟಿನಲ್ಲಿ ಹಿಂಜ್ ಮುರಿದರೆ ಸಂಜೆಯೊಳಗೆ ಇನ್ನೊಂದು ಬರುತ್ತದೆ. ಹಾರನಹಳ್ಳಿಯಲ್ಲಿ ಮುರಿದರೆ ಯಾರೋ ಒಬ್ಬರು ಕೆಲಸ ಬಿಟ್ಟು ಬಸ್ ಹತ್ತಬೇಕು. ಅದಕ್ಕೆ ನಾವು ಬ್ರ್ಯಾಂಡ್ ನೋಡಿ ಭಾಗ ಮಾಡಲಿಲ್ಲ, ದೂರ ನೋಡಿ ಮಾಡಿದೆವು. ಬೇಗ ಸವೆಯುವುದು ಹತ್ತಿರದ ಊರಿನಿಂದ, ಸುಲಭಕ್ಕೆ ಕೆಡದಿರುವುದು ದೂರದಿಂದ.

ಬೆಂಗಳೂರು: ಲಾಲ್‌ಬಾಗ್ ಹತ್ತಿರದ ಸಿದ್ದಯ್ಯ ರಸ್ತೆಯಲ್ಲಿ ಪ್ಲೈವುಡ್, ಹಾರ್ಡ್‌ವೇರ್ ಅಂಗಡಿಗಳು ಸಾಲಾಗಿವೆ. ಅಲ್ಲಿಂದ ಎರಡೇ ಎರಡು ಬಾಕ್ಸ್ ಡ್ರಾಯರ್ ತಂದೆ, ಒಂದಕ್ಕೆ 5,500. ಒಂದು ರಾಗಿ ಹಿಟ್ಟು, ಅಕ್ಕಿಗೆ, ಇನ್ನೊಂದು ದಪ್ಪ ತಳದ ಪಾತ್ರೆಗಳಿಗೆ. ಭಾರ ಹೊರುವ ಜಾಗದಲ್ಲಿ ಉಳಿತಾಯ ಮಾಡಲಿಲ್ಲ. 18 ಹಿಡಿಕೆಗಳೂ ಅಲ್ಲಿಂದಲೇ, ಒಂದಕ್ಕೆ 110. ಶಕ್ತಿ ಯೋಜನೆಯಲ್ಲಿ ನನಗೆ ಟಿಕೆಟ್ ಫ್ರೀ, ಡ್ರಾಯರ್‌ಗಳಿಗೆ ಮಾತ್ರ ಕಂಡಕ್ಟರ್ ಲಗೇಜ್ ಹರಿದುಕೊಟ್ಟರು.

ಮೈಸೂರು: 12 ಶಟರ್‌ಗಳಿಗೆ 24 ಸಾಫ್ಟ್ ಕ್ಲೋಸ್ ಹಿಂಜಸ್, ಒಂದಕ್ಕೆ 190. ಅದೇ ಮಾಡೆಲ್‌ನ ಇನ್ನೆರಡು ಸ್ಪೇರ್. ಒಂದೇ ಹಲಗೆಗೆ ಎರಡು ಶಟರ್ ಕೂರುವ ಕಡೆ ಹಾಫ್ ಓವರ್‌ಲೇ, ತುದಿಯಲ್ಲಿ ಫುಲ್ ಓವರ್‌ಲೇ ಅಂತ ಎಣಿಸಿ ತನ್ನಿ. ತಟ್ಟೆ ಸ್ಟ್ಯಾಂಡೂ ಅಲ್ಲೇ ತಂದೆ, 2,600. ಸ್ಟೀಲು 304 ಗ್ರೇಡ್ ಅಂತ ಬಿಲ್‌ನಲ್ಲಿ ಬರೆಸಿಕೊಳ್ಳಿ. ಅಯಸ್ಕಾಂತ ಅಂಟಲಿಲ್ಲ ಅಂದರೆ ಒಳ್ಳೇ ಸ್ಟೀಲು ಅನ್ನೋ ಮಾತು ಪೂರ್ತಿ ನಂಬೋ ಹಾಗಿಲ್ಲ. ಕಡಿಮೆ ಬೆಲೆಯ 202ಕ್ಕೂ ಅಯಸ್ಕಾಂತ ಅಷ್ಟಾಗಿ ಅಂಟಲ್ಲ. ಆದರೆ ನೀರು ಬೀಳುವ ಜಾಗದಲ್ಲಿ ಅದು ಬೇಗ ತುಕ್ಕು ಹಿಡಿಯುತ್ತದೆ.

ಹುಣಸೂರು: ಪ್ಲೈವುಡ್. ಇದು ಫಿಟಿಂಗ್ಸ್ ಲೆಕ್ಕಕ್ಕೆ ಬರಲ್ಲ, ಆದರೆ ಫಿಟಿಂಗ್ಸ್ ನಿಲ್ಲೋದು ಇದರ ಮೇಲೇ. ಸಿಂಕ್ ಕೆಳಗೆ ಐಎಸ್ 710 ಗುರುತಿನದು, ಮಿಕ್ಕ ಕಡೆ ಐಎಸ್ 303ರ ಬಿಡಬ್ಲ್ಯುಆರ್. ಇಲ್ಲಿ ಕಂಜೂಸಿ ಮಾಡಿದರೆ ಯಾವ ದೇಶದ ಹಿಂಜ್ ಆದರೂ ಕಿತ್ತು ಕೈಗೆ ಬರುತ್ತದೆ.

ಪಿರಿಯಾಪಟ್ಟಣ: ಮಿಕ್ಕ ನಾಲ್ಕು ಡ್ರಾಯರ್‌ಗೆ ಸಾಫ್ಟ್ ಕ್ಲೋಸ್ ಚಾನೆಲ್, ಜೋಡಿಗೆ 950. ಪಿವಿಸಿ ಕಾಲುಗಳು 16, ಒಂದಕ್ಕೆ 45. ಕಾಲು ಯಾಕೆ ಅಂದರೆ, ನಮ್ಮ ಕಡೆ ಅಡುಗೆಮನೆ ಒರೆಸೋದಿಲ್ಲ, ನೀರು ಹುಯ್ದು ತೊಳೆಯೋದು. ಪ್ಲೈ ನೆಲ ಮುಟ್ಟಿದರೆ ಮುಗೀತು.

ಕೊನೆಗೆ ಉಳಿದದ್ದು

ನಮ್ಮ ಫಿಟಿಂಗ್ಸ್ ಒಟ್ಟು 24,660. ಸ್ಪೇರ್ ಹಿಂಜಸ್ 380. ಚಾನೆಲ್ ಡ್ರಾಯರ್‌ಗೆ ಮರದ ಪೆಟ್ಟಿಗೆ ಬೇಕಲ್ಲ, ನಾಲ್ಕಕ್ಕೆ ಪ್ಲೈ, ಕೂಲಿ ಸೇರಿ 3,600. ಇದನ್ನು ಬಿಟ್ಟು ಲೆಕ್ಕ ಹೇಳುವವರೇ ಜಾಸ್ತಿ, ಅದಕ್ಕೇ ಬಿಡಿಸಿ ಬರೆದೆ. ಎಲ್ಲ ಸೇರಿ 28,640. ಶೋರೂಮಿನ ಲೆಕ್ಕಕ್ಕೆ ಹೋಲಿಸಿದರೆ ಉಳಿದದ್ದು 31,600 ರೂಪಾಯಿ.

ಈ ಉಳಿತಾಯದಲ್ಲಿ ದೊಡ್ಡ ಪಾಲು ಎಲ್ಲಿಂದ ಬಂತು ಗೊತ್ತಾ? ಶೋರೂಮು ಆರೂ ಡ್ರಾಯರ್‌ಗೆ ದುಬಾರಿ ಬಾಕ್ಸ್ ಹಾಕಿತ್ತು, ಒಂದಕ್ಕೆ 6,500ರಂತೆ 39,000. ಚಮಚ ಇಡೋಕೆ, ಟೀ ಪುಡಿ ಇಡೋಕೆ, ಒರೆಸೋ ಬಟ್ಟೆ ಇಡೋಕೆ ಅಷ್ಟು ಗಟ್ಟಿ ಡ್ರಾಯರ್ ಬೇಕಿಲ್ಲ. ನಮಗೆ ಪೆಟ್ಟಿಗೆಯ ಖರ್ಚೂ ಸೇರಿ ಆರಕ್ಕೆ ಆದದ್ದು 18,400. ಹಿಂಜಸ್‌ನಲ್ಲಿ ಹತ್ತಿಪ್ಪತ್ತು ರೂಪಾಯಿ ಚೌಕಾಸಿ ಮಾಡುವುದಕ್ಕಿಂತ, ಯಾವ ಡ್ರಾಯರಿನಲ್ಲಿ ಏನಿಡ್ತೀವಿ ಅಂತ ಮನೆಯಲ್ಲಿ ಅಡುಗೆ ಮಾಡುವವರನ್ನು ಕೂರಿಸಿಕೊಂಡು ಕೇಳಿದರೆ ಹೆಚ್ಚು ಉಳಿಯುತ್ತದೆ. ಅಂಗಡಿಯ ಬೆಲೆಗಳು ಬದಲಾಗ್ತವೆ, ಈ ಲೆಕ್ಕ ಬದಲಾಗಲ್ಲ.

ಕಳೆದುಕೊಂಡದ್ದೂ ಇದೆ. ಒಂದೇ ಕಡೆ ಕೊಂಡಿದ್ದರೆ ಒಂದೇ ಫೋನ್ ನಂಬರು, ಒಂದೇ ವಾರಂಟಿ. ಈಗ ನಾಲ್ಕು ಬಿಲ್ಲು. ಬಾಕ್ಸ್ ಡ್ರಾಯರಿನ ನಡೆಗೂ ಚಾನೆಲ್ ಡ್ರಾಯರಿನ ನಡೆಗೂ ವ್ಯತ್ಯಾಸ ಕೈಗೆ ಗೊತ್ತಾಗುತ್ತದೆ. ಬೆಂಗಳೂರಿನಲ್ಲಿ ಬಾಡಿಗೆ ಮನೆ, ಕೆಲಸದ ಒತ್ತಡ, ಓಡಾಡೋಕೆ ಪುರುಸೊತ್ತಿಲ್ಲ ಅನ್ನುವವರು ಆ ದುಡ್ಡು ಕೊಟ್ಟು ನೆಮ್ಮದಿ ಕೊಂಡರೆ ತಪ್ಪೇನಿಲ್ಲ. ಮಿಕ್ಸ್ ಮಾಡೋಕೆ ಮುಖ್ಯವಾಗಿ ಬೇಕಾದ್ದು ಅಳತೆ ಗೊತ್ತಿರುವ ಒಬ್ಬ ಮರಗೆಲಸದವರು. ಅಂಥವರು ಸಿಕ್ಕರೆ ಅವರ ಕೂಲಿಯಲ್ಲಿ ಚೌಕಾಸಿ ಬೇಡ.

ಕೆಲಸ ಮುಗಿದ ದಿನ ಆಚಾರ್ರು ಸಿಂಕ್ ಕೆಳಗಿನ ಶಟರಿನ ಒಳಬದಿಗೆ ಒಂದು ಹಾಳೆ ಅಂಟಿಸಿದರು. ಹಿಂಜಸ್ ಯಾವ ಕಂಪನಿ, ಯಾವ ಮಾಡೆಲ್, ಸ್ಕ್ರೂ ದೂರ ಎಷ್ಟು, ಚಾನೆಲ್ ಉದ್ದ ಎಷ್ಟು, ಯಾವ ಊರಿನ ಅಂಗಡಿ. "ನಾನಿಲ್ದಿದ್ರೂ ಇನ್ನೊಬ್ಬ ಬಂದು ಮಾಡ್ಬೇಕಲ್ಲವ್ವಾ" ಅಂದರು. ನೀವೂ ನಿಮ್ಮ ಮನೆಯಲ್ಲಿ ಹೀಗೆ ಒಂದು ಹಾಳೆ ಅಂಟಿಸಿ, ಖರ್ಚಿಲ್ಲದ ಕೆಲಸ.

ಅವ್ವ ಈಗ ರಾಗಿ ಡಬ್ಬಕ್ಕೆ ಬಗ್ಗೋದಿಲ್ಲ, ಎಳೆದರೆ ಬರುತ್ತದೆ. ಅಪ್ಪ ಅದರ ಮರುವಾರವೇ ಬ್ಯಾರನ್ನಿಗೆ ಹೊಸ ಕೊಳವೆ ತಂದು ಇಳಿಸಿದರು.